ಸೋತ ಗುಳಿಗೆ ಮತ್ತೆ ಗೆದ್ದದ್ದು ಹೇಗೆ?

ಆಫ್ರಿಕಾ ಖಂಡದ ಆಗ್ನೇಯ ಭಾಗದಲ್ಲಿ ಮಲಾವಿ ಎಂಬ ದೇಶವಿದೆ. ವಿಸ್ತಾರದಲ್ಲಿ ಕರ್ನಾಟಕಕ್ಕಿಂತಲೂ ಚಿಕ್ಕದು. ಅಲ್ಲಿನ ಬ್ಲಾಂಟೈರ್ ಎಂಬ ಊರಿನಲ್ಲಿ 2005ರಲ್ಲಿ ವೈದ್ಯರು ಒಂದು ಪರೀಕ್ಷೆ ನಡೆಸಿದರು. ಮಲೇರಿಯಾ ಜ್ವರದಿಂದ ಬಳಲುತ್ತಿದ್ದ 210 ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆಗ ದೇಶದ ಆಸ್ಪತ್ರೆಗಳಲ್ಲೆಲ್ಲ ಬಳಕೆಯಲ್ಲಿದ್ದ ಎಸ್‌ಪಿ ಎಂಬ ಗುಳಿಗೆ ಕೊಟ್ಟರು. ಇನ್ನೊಂದು ಗುಂಪಿಗೆ ಕೊಟ್ಟದ್ದು ಕ್ಲೋರೋಕ್ವಿನ್. ಇದು ಹಳೆಯ ಗುಳಿಗೆ. ಮಲೇರಿಯಾ ಇದಕ್ಕೆ ಜಗ್ಗುತ್ತಿಲ್ಲವೆಂದು ಮಲಾವಿ ಸರ್ಕಾರ 1993ರಲ್ಲೇ ಕೈಬಿಟ್ಟಿದ್ದ ಮದ್ದು.

ಫಲಿತಾಂಶ ನೋಡಿ ವೈದ್ಯಲೋಕ ಬೆರಗಾಯಿತು. ಕೊನೆಯವರೆಗೂ ನಿಗಾದಲ್ಲಿದ್ದು ಲೆಕ್ಕಕ್ಕೆ ಸಿಕ್ಕ ಮಕ್ಕಳ ಪೈಕಿ, ಎಸ್‌ಪಿ ಗುಳಿಗೆ 87ರಲ್ಲಿ 71 ಮಕ್ಕಳ ಮೈಯಲ್ಲಿ ಸೋತಿತ್ತು. ಕ್ಲೋರೋಕ್ವಿನ್ ಸೋತದ್ದು 80 ಮಕ್ಕಳಲ್ಲಿ ಒಂದೇ ಒಂದು ಮಗುವಿನ ಮೈಯಲ್ಲಿ!

ಪರೀಕ್ಷೆಯಲ್ಲಿ ನಪಾಸಾಗಿ ಶಾಲೆ ಬಿಟ್ಟ ಹುಡುಗನೊಬ್ಬ ಹನ್ನೆರಡು ವರ್ಷ ಪುಸ್ತಕ ಮುಟ್ಟದೆ, ಮತ್ತೊಮ್ಮೆ ಪರೀಕ್ಷೆಗೆ ಕುಳಿತು ನೂರಕ್ಕೆ ತೊಂಬತ್ತೊಂಬತ್ತು ಅಂಕ ಗಳಿಸಿದರೆ ಹೇಗಿರುತ್ತದೆ? ಹಾಗಾಯಿತು ಇದು. ಹುಡುಗನಲ್ಲಿ ಏನೂ ಬದಲಾಗಿರಲಿಲ್ಲ. ಕ್ಲೋರೋಕ್ವಿನ್ 1993ರಲ್ಲಿ ಹೇಗಿತ್ತೋ 2005ರಲ್ಲೂ ಹಾಗೆಯೇ ಇತ್ತು. ಬದಲಾಗಿದ್ದದ್ದು ಪ್ರಶ್ನೆಪತ್ರಿಕೆ. ಅಂದರೆ ಮಕ್ಕಳ ರಕ್ತದಲ್ಲಿದ್ದ ಮಲೇರಿಯಾದ ರೋಗಾಣು.

ಆದರೆ ಒಮ್ಮೆ ಮದ್ದನ್ನು ಮಣಿಸಿದ ರೋಗಾಣು ಮತ್ತೆ ತಾನೇ ಏಕೆ ಮಣಿಯಬೇಕು? ಈ ಪ್ರಶ್ನೆಗೆ ಉತ್ತರ ಬೇಕಾದರೆ ಆ ರೋಗಾಣುವಿನ ಸಂಸಾರವನ್ನು ಸ್ವಲ್ಪ ತಿಳಿಯಬೇಕು.

ಎರಡು ಮನೆಯ ಜೀವಿ

ಮಲೇರಿಯಾ ತರುವುದು ಪ್ಲಾಸ್ಮೋಡಿಯಂ ಎಂಬ ಏಕಕೋಶದ ಪರೋಪಜೀವಿ. ಮನುಷ್ಯರನ್ನು ಕಾಡುವ ಪ್ಲಾಸ್ಮೋಡಿಯಂಗಳಲ್ಲಿ ಐದು ಪ್ರಭೇದಗಳಿವೆ. ಅವುಗಳಲ್ಲಿ ಅತಿ ಹೆಚ್ಚು ಜೀವ ತೆಗೆಯುವುದು ಫಾಲ್ಸಿಪಾರಂ. ನಮ್ಮ ದೇಶದಲ್ಲಿ ಅದರ ಜತೆಗೆ ವೈವಾಕ್ಸ್ ಎಂಬ ಪ್ರಭೇದವೂ ಉಂಟು. ರೋಗಿಯ ರಕ್ತದಲ್ಲಿ ಈ ಜೀವಿಯನ್ನು ಮೊದಲು ಕಂಡವನು ಫ್ರೆಂಚ್ ವೈದ್ಯ ಲ್ಯಾವರಾನ್, 1880ರಲ್ಲಿ, ಅಲ್ಜೀರಿಯಾದಲ್ಲಿ. ಅದು ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆಯುವುದನ್ನು 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಕಂಡವನು ರೊನಾಲ್ಡ್ ರಾಸ್. ನಿಂತ ನೀರು ಇಲ್ಲದಂತೆ ಮಾಡಿದರೆ ಸೊಳ್ಳೆ ಕಡಿಮೆಯಾಗುತ್ತದೆ ಎಂಬುದನ್ನು ಇದೇ ರಾಸ್ ಅದಕ್ಕೂ ಮುಂಚೆ, 1880ರ ದಶಕದಲ್ಲಿ, ಬೆಂಗಳೂರಿನಲ್ಲಿ ದಂಡಿನ ವೈದ್ಯನಾಗಿದ್ದಾಗ ಗಮನಿಸಿದ್ದ.

ಈ ಜೀವಿಗೆ ಎರಡು ಮನೆ. ಒಂದು ಮನುಷ್ಯನ ಮೈ, ಇನ್ನೊಂದು ಅನಾಫಿಲಿಸ್ ಸೊಳ್ಳೆಯ ಹೊಟ್ಟೆ. ಎರಡೂ ಮನೆಗಳಲ್ಲಿ ಅದರ ಬದುಕಿನ ರೀತಿಯೇ ಬೇರೆ.

ಮನುಷ್ಯನ ಮೈಯಲ್ಲಿ ಅದು ಕೆಂಪು ರಕ್ತಕಣದೊಳಗೆ ಹೊಕ್ಕು ತನ್ನನ್ನು ತಾನೇ ನಕಲು ಮಾಡಿಕೊಳ್ಳುತ್ತದೆ. ಫಾಲ್ಸಿಪಾರಂ ಆದರೆ ಸುಮಾರು 48 ಗಂಟೆಗೊಮ್ಮೆ ಒಂದು ರಕ್ತಕಣ ಒಡೆದು ಹದಿನಾರರಿಂದ ಮೂವತ್ತೆರಡು ಮರಿಗಳು ಹೊರಬೀಳುತ್ತವೆ. ಪ್ರತಿಯೊಂದೂ ಇನ್ನೊಂದು ರಕ್ತಕಣವನ್ನು ಹುಡುಕಿಕೊಂಡು ಹೋಗುತ್ತದೆ. ಜ್ವರ ಜೋರಾಗಿರುವ ರೋಗಿಯ ಮೈಯಲ್ಲಿ ಇವುಗಳ ಸಂಖ್ಯೆ ಸಾವಿರ ಕೋಟಿಯನ್ನೂ ದಾಟುತ್ತದೆ. ಈ ಹಂತದಲ್ಲಿ ಗಂಡು-ಹೆಣ್ಣಿನ ಕೂಡಿಕೆ ಇಲ್ಲ. ಎಲ್ಲವೂ ನಕಲು.

ಆದರೆ ನಕಲು ಮಾಡುವಾಗ ಅಪರೂಪಕ್ಕೆ ಒಂದೊಂದು ಅಕ್ಷರ ತಪ್ಪುತ್ತದೆ. ಫಾಲ್ಸಿಪಾರಂನ ಪೂರ್ತಿ ವಂಶಲಿಪಿಯನ್ನು ವಿಜ್ಞಾನಿಗಳು 2002ರಲ್ಲಿ ಓದಿ ಮುಗಿಸಿದರು. 14 ವರ್ಣತಂತುಗಳ ಮೇಲೆ ಸುಮಾರು 2.3 ಕೋಟಿ ಡಿಎನ್‌ಎ ಅಕ್ಷರಗಳು, ಅವುಗಳಲ್ಲಿ ಸುಮಾರು 5,300 ಜೀನ್‌ಗಳು. ಅಷ್ಟು ದೊಡ್ಡ ಪುಸ್ತಕವನ್ನು ಸಾವಿರಾರು ಕೋಟಿ ಸಲ ನಕಲು ಮಾಡಿದರೆ ತಪ್ಪು ನುಸುಳದೆ ಇದ್ದೀತೇ? ಈ ತಪ್ಪಿಗೆ ಉತ್ಪರಿವರ್ತನೆ ಎಂದು ಹೆಸರು. ಹೆಚ್ಚಿನ ತಪ್ಪುಗಳಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಕೆಲವು ಆ ಜೀವಿಯನ್ನೇ ಕೊಲ್ಲುತ್ತವೆ. ಎಲ್ಲೋ ಒಂದು ಉಪಯೋಗಕ್ಕೆ ಬರುತ್ತದೆ.

ಇನ್ನು ಸೊಳ್ಳೆಯ ಹೊಟ್ಟೆ. ಮದುವೆ ನಡೆಯುವುದು ಇಲ್ಲಿ. ರೋಗಿಯ ರಕ್ತದ ಜತೆ ಸೊಳ್ಳೆಯ ಹೊಟ್ಟೆ ಸೇರಿದ ಗಂಡು ಮತ್ತು ಹೆಣ್ಣು ರೂಪಗಳು ಅಲ್ಲಿ ಕೂಡುತ್ತವೆ. ಅವುಗಳ ಜೀನ್‌ಗಳು ಇಸ್ಪೀಟು ಎಲೆಗಳಂತೆ ಕಲಸಿ ಮತ್ತೆ ಹಂಚಿಕೆಯಾಗುತ್ತವೆ. ರೋಗಿಯ ರಕ್ತದಲ್ಲಿ ಎರಡು ಮೂರು ತಳಿಯ ರೋಗಾಣುಗಳಿದ್ದರೆ ಸೊಳ್ಳೆಯ ಹೊಟ್ಟೆಯಲ್ಲಿ ಹೊಸ ಹೊಸ ಜೋಡಣೆಗಳು ಹುಟ್ಟುತ್ತವೆ. ಒಂದೇ ತಳಿ ಇದ್ದರೆ ಅದು ತನ್ನ ಜತೆಗೇ ಕೂಡಬೇಕು. ಆಗ ಎಷ್ಟು ಕಲಸಿದರೂ ಬರುವುದು ಅದೇ ಎಲೆಗಳು. ಈ ವ್ಯತ್ಯಾಸವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಗುಳಿಗೆ ಕಲಿಸುವುದಿಲ್ಲ, ಆರಿಸುತ್ತದೆ

ರೋಗಾಣುವಿಗೆ ಮದ್ದು ಅಭ್ಯಾಸವಾಗಿಬಿಟ್ಟಿದೆ ಎಂದು ಜನ ಮಾತಾಡಿಕೊಳ್ಳುವುದುಂಟು. ಕಾಫಿ ಕುಡಿದೂ ಕುಡಿದೂ ಅಭ್ಯಾಸವಾದವರಂತೆ ರೋಗಾಣುವೂ ಗುಳಿಗೆಯನ್ನು ಅರಗಿಸಿಕೊಳ್ಳಲು ಕಲಿಯುತ್ತದೆ ಎಂಬ ಭಾವನೆ. ಇದು ಸರಿಯಲ್ಲ. ಗುಳಿಗೆ ರೋಗಾಣುವಿಗೆ ಏನನ್ನೂ ಕಲಿಸುವುದಿಲ್ಲ. ಆಕಸ್ಮಿಕವಾಗಿ ಮೊದಲೇ ಹುಟ್ಟಿಕೊಂಡಿರುವ ಒಂದು ಬಗೆಯನ್ನು ಉಳಿಸಿ, ಮಿಕ್ಕವನ್ನೆಲ್ಲ ಕೊಲ್ಲುತ್ತದೆ. ಜರಡಿ ಕಾಳನ್ನು ದಪ್ಪ ಮಾಡುವುದಿಲ್ಲ. ದಪ್ಪ ಕಾಳನ್ನು ಉಳಿಸಿಕೊಂಡು ಸಣ್ಣದನ್ನು ಕೆಳಕ್ಕೆ ಬಿಡುತ್ತದೆ, ಅಷ್ಟೇ. ಮನುಷ್ಯನಲ್ಲಿ ಬಹುಪಾಲು ಜೀನ್‌ಗಳಿಗೆ ಎರಡು ಪ್ರತಿಗಳಿವೆ. ಒಂದು ಕೆಟ್ಟರೆ ಇನ್ನೊಂದು ಅದನ್ನು ಮರೆಮಾಚಬಹುದು. ರಕ್ತದಲ್ಲಿರುವ ಮಲೇರಿಯಾ ರೋಗಾಣುವಿಗೆ ಒಂದೇ ಪ್ರತಿ. ಹಾಗಾಗಿ ಬದಲಾವಣೆಯ ಗುಣ ಒಡನೆಯೇ ಹೊರಗೆ ಕಾಣುತ್ತದೆ, ಜರಡಿಗೂ ಒಡನೆಯೇ ಸಿಗುತ್ತದೆ.

ಕ್ಲೋರೋಕ್ವಿನ್ ವಿಷಯದಲ್ಲಿ ಈ ಜರಡಿ ಹೇಗೆ ಕೆಲಸ ಮಾಡಿತು? ಜರ್ಮನಿಯಲ್ಲಿ 1934ರಲ್ಲಿ ತಯಾರಾದ ಈ ಮದ್ದು ಎರಡನೆಯ ಮಹಾಯುದ್ಧದ ನಂತರ ಪ್ರಪಂಚವೆಲ್ಲ ಹರಡಿತು. ಅಗ್ಗ, ಸುರಕ್ಷಿತ, ಮೂರೇ ದಿನದ ಚಿಕಿತ್ಸೆ. ರೋಗಾಣುವಿನ ಮುಖ್ಯ ಆಹಾರ ರಕ್ತಕಣದಲ್ಲಿರುವ ಹಿಮೋಗ್ಲೋಬಿನ್. ಅದನ್ನು ತಿಂದಾಗ ಹೀಮ್ ಎಂಬ ಕಬ್ಬಿಣಯುಕ್ತ ಕಸ ಉಳಿಯುತ್ತದೆ. ಈ ಕಸ ರೋಗಾಣುವಿಗೇ ವಿಷ. ಅದಕ್ಕಾಗಿ ರೋಗಾಣು ತನ್ನ ಜೀರ್ಣಚೀಲದಲ್ಲಿ ಹೀಮನ್ನು ಹರಳುಗಟ್ಟಿಸಿ, ಗಂಟುಕಟ್ಟಿ ಮೂಲೆಗೆ ಹಾಕುತ್ತದೆ. ಕ್ಲೋರೋಕ್ವಿನ್ ಆ ಚೀಲದೊಳಕ್ಕೆ ಹೊಕ್ಕು ಗಂಟುಕಟ್ಟುವ ಕೆಲಸವನ್ನು ನಿಲ್ಲಿಸುತ್ತದೆ. ತಾನು ತಿಂದುಳಿದ ಕಸದಿಂದಲೇ ರೋಗಾಣು ಸಾಯುತ್ತದೆ.

ಗುಳಿಗೆಗೆ ಜಗ್ಗದ ರೋಗಾಣುವಿನಲ್ಲಿ ಆ ಚೀಲದ ಗೋಡೆಯ ಒಂದು ಪ್ರೋಟೀನು ಬದಲಾಗಿರುತ್ತದೆ. ಒಳಬಂದ ಕ್ಲೋರೋಕ್ವಿನನ್ನು ಅದು ಹೊರಕ್ಕೆ ದಬ್ಬುತ್ತದೆ. ಈ ಬಾಗಿಲುಗಾರ ಪ್ರೋಟೀನಿನ ಜೀನ್ ಪತ್ತೆಯಾದದ್ದು 2000ದಲ್ಲಿ. ಅದರ ಹೆಸರು ಪಿಎಫ್‌ಸಿಆರ್‌ಟಿ. ಪ್ರೋಟೀನಿನಲ್ಲಿ ಒಟ್ಟು 424 ಅಮೈನೋ ಆಮ್ಲಗಳು ಮಣಿಸರದಂತೆ ಪೋಣಿಸಿಕೊಂಡಿವೆ. ಅವುಗಳಲ್ಲಿ 76ನೆಯದು ಲೈಸೀನ್ ಬದಲು ಥ್ರಿಯೋನೀನ್ ಆಗಿರುವುದೇ ಮುಖ್ಯ ಗುರುತು. ಡಿಎನ್‌ಎಯಲ್ಲಿ ಒಂದೇ ಅಕ್ಷರದ ವ್ಯತ್ಯಾಸ! ಆದರೆ ಇದೊಂದೇ ಸಾಲದು. ಇದರ ಜತೆಗೆ ಅದೇ ಜೀನ್‌ನಲ್ಲಿ ಇನ್ನೂ ಕೆಲವು ಬದಲಾವಣೆಗಳು ಒಟ್ಟಿಗೇ ಇರಬೇಕು. ಹೀಗೆ ನಾಲ್ಕಾರು ತಪ್ಪುಗಳು ಒಂದೇ ರೋಗಾಣುವಿನಲ್ಲಿ ಕೂಡಿಬರುವುದು ತೀರಾ ಅಪರೂಪ. ಕ್ಲೋರೋಕ್ವಿನ್ ಹಲವು ವರ್ಷ ಅಜೇಯವಾಗಿದ್ದುದಕ್ಕೆ ಇದು ಕಾರಣ.

ಅಪರೂಪವಾದರೂ ಅದು ಆಗಿಯೇ ಆಯಿತು. 1950ರ ದಶಕದ ಕೊನೆಗೆ ಥಾಯ್ಲೆಂಡ್-ಕಾಂಬೋಡಿಯಾ ಗಡಿಯಲ್ಲಿ ಕ್ಲೋರೋಕ್ವಿನ್‌ಗೆ ಜಗ್ಗದ ಫಾಲ್ಸಿಪಾರಂ ಕಾಣಿಸಿಕೊಂಡಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲೂ ಕಂಡಿತು. ಭಾರತದಲ್ಲಿ ಮೊದಲು ಪತ್ತೆಯಾದದ್ದು 1973ರಲ್ಲಿ, ಅಸ್ಸಾಮಿನ ಕಾರ್ಬಿ ಆಂಗ್ಲಾಂಗ್ ಜಿಲ್ಲೆಯಲ್ಲಿ. 1970ರ ದಶಕದ ಕೊನೆಯಲ್ಲಿ ಪೂರ್ವ ಆಫ್ರಿಕಾ ತಲಪಿತು. ಅಲ್ಲಿಂದ ಹತ್ತೇ ವರ್ಷದಲ್ಲಿ ಖಂಡದ ಪಶ್ಚಿಮದ ತುದಿಗೆ ಹಬ್ಬಿತು.

ಅದರ ಬೆಲೆ ತೆತ್ತವರು ಮಕ್ಕಳು. ಪಶ್ಚಿಮ ಆಫ್ರಿಕಾದ ಸೆನೆಗಲ್ ದೇಶದ ಮೂರು ಪ್ರದೇಶಗಳಲ್ಲಿ ವರ್ಷವರ್ಷವೂ ಹುಟ್ಟು-ಸಾವಿನ ಲೆಕ್ಕವಿಡಲಾಗುತ್ತಿತ್ತು. ಕ್ಲೋರೋಕ್ವಿನ್ ಸೋಲತೊಡಗಿದ ಮೇಲೆ ಅಲ್ಲಿ ಹತ್ತು ವರ್ಷದೊಳಗಿನ ಮಕ್ಕಳು ಮಲೇರಿಯಾದಿಂದ ಸಾಯುವ ಪ್ರಮಾಣ ಒಂದು ಕಡೆ ಎರಡು ಪಟ್ಟು, ಇನ್ನೊಂದು ಕಡೆ ಎರಡೂವರೆ ಪಟ್ಟು, ಮತ್ತೊಂದು ಕಡೆ ಐದೂವರೆ ಪಟ್ಟು ಏರಿತೆಂದು 1998ರಲ್ಲಿ ವರದಿಯಾಯಿತು. ಡಿಎನ್‌ಎಯ ಒಂದೆರಡು ಅಕ್ಷರ ಬದಲಾದರೆ ಮನೆಗಳಲ್ಲಿ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ನಕಲು ಹಿಡಿದ ಮೇಷ್ಟರು

ಆಫ್ರಿಕಾದ ಈ ಹಟಮಾರಿ ರೋಗಾಣು ಅಲ್ಲೇ ಹುಟ್ಟಿತೋ, ಬೇರೆ ಕಡೆಯಿಂದ ಬಂದಿತೋ? ಇದನ್ನು ಪತ್ತೆ ಮಾಡಿದ ಉಪಾಯ ವಿದ್ಯಾರ್ಥಿಗಳಿಗೆ ಸುಲಭವಾಗಿ ಅರ್ಥವಾಗುವಂಥದು.

ಒಂದು ತರಗತಿಯ ನಲವತ್ತು ಮಕ್ಕಳೂ ಒಂದು ಕಠಿಣ ಪ್ರಶ್ನೆಗೆ ಸರಿಯುತ್ತರ ಬರೆದಿದ್ದಾರೆ ಎನ್ನೋಣ. ಸ್ವಂತ ಬುದ್ಧಿಯಿಂದ ಬರೆದರೋ, ಒಬ್ಬನದನ್ನು ನೋಡಿ ಬರೆದರೋ? ಮೇಷ್ಟರು ಉತ್ತರವನ್ನಷ್ಟೇ ನೋಡುವುದಿಲ್ಲ. ಅದರ ಹಿಂದುಮುಂದಿನ ವಾಕ್ಯಗಳನ್ನು ನೋಡುತ್ತಾರೆ. ಎಲ್ಲರೂ ತಾವೇ ಯೋಚಿಸಿ ಬರೆದಿದ್ದರೆ ಆ ವಾಕ್ಯಗಳು ಒಬ್ಬೊಬ್ಬರದು ಒಂದೊಂದು ಥರ ಇರುತ್ತವೆ. ನಲವತ್ತು ಪತ್ರಿಕೆಗಳಲ್ಲೂ ಅವೇ ವಾಕ್ಯ, ಅದೇ ಕಾಗುಣಿತದ ತಪ್ಪು ಇದ್ದರೆ ಸಂಶಯವೇ ಬೇಡ, ಮೂಲ ಒಂದೇ.

ವಿಜ್ಞಾನಿಗಳು ಮಾಡಿದ್ದೂ ಇದನ್ನೇ. ಪ್ರಪಂಚದ ನಾನಾ ಕಡೆಗಳಿಂದ ತಂದ ಫಾಲ್ಸಿಪಾರಂ ರೋಗಾಣುಗಳ ಡಿಎನ್‌ಎಯನ್ನು ಮುನ್ನೂರಕ್ಕೂ ಹೆಚ್ಚು ಸ್ಥಳಗಳಲ್ಲಿ ಹೋಲಿಸಿ ನೋಡಿದ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಬಹುಪಾಲು ಸ್ಥಳಗಳಲ್ಲಿ ರೋಗಾಣುಗಳ ನಡುವೆ ವೈವಿಧ್ಯವೋ ವೈವಿಧ್ಯ. ಆದರೆ ಕ್ಲೋರೋಕ್ವಿನ್‌ಗೆ ಜಗ್ಗದ ರೋಗಾಣುಗಳಲ್ಲಿ ಪಿಎಫ್‌ಸಿಆರ್‌ಟಿ ಜೀನ್‌ನ ಎಡಬಲದ ಭಾಗಕ್ಕೆ ಬಂದೊಡನೆ ವೈವಿಧ್ಯ ಅಳಿಸಿಹೋಗಿತ್ತು. ಸಾವಿರಾರು ಮೈಲಿ ದೂರದ ಏಷ್ಯಾ ಮತ್ತು ಆಫ್ರಿಕಾದ ರೋಗಾಣುಗಳಲ್ಲಿ ಅದೇ ಅಕ್ಷರಗಳು, ಅದೇ ಕಾಗುಣಿತ.

ಆಫ್ರಿಕಾದ ಮಕ್ಕಳನ್ನು ಕೊಂದ ರೋಗಾಣು ಆಗ್ನೇಯ ಏಷ್ಯಾದಿಂದ ಬಂದದ್ದೆಂದು ಇದರಿಂದ ಸ್ಪಷ್ಟವಾಯಿತು. ಕೋಟಿ ಕೋಟಿ ರೋಗಿಗಳು ದಶಕಗಟ್ಟಲೆ ಈ ಗುಳಿಗೆ ನುಂಗಿದರೂ, ಅದನ್ನು ಮಣಿಸಿದ ಮೂಲವಂಶಗಳು ಬೆರಳೆಣಿಕೆಯಷ್ಟು. ಆ 2002ರ ಅಧ್ಯಯನ ಗುರುತಿಸಿದ್ದು ಕನಿಷ್ಠ ನಾಲ್ಕನ್ನು. ಭಾರತದ ಬಹುಭಾಗದಲ್ಲಿ ಕಾಣುವ ಗುರುತು ಪಾಪುವಾ ನ್ಯೂಗಿನಿಯ ಗುರುತನ್ನು ಹೋಲುತ್ತದೆ. ನಮ್ಮ ಈಶಾನ್ಯ ರಾಜ್ಯಗಳಲ್ಲಿ ಆಗ್ನೇಯ ಏಷ್ಯಾದ ಗುರುತೂ ಉಂಟು. ಎಸ್‌ಪಿ ಗುಳಿಗೆಯ ಅರ್ಧಭಾಗವಾದ ಪೈರಿಮೆಥಮಿನ್ ಮದ್ದಿನದೂ ಇದೇ ಕಥೆ. ಅದನ್ನು ಬಲವಾಗಿ ಎದುರಿಸುವ ಆಫ್ರಿಕಾದ ರೋಗಾಣುಗಳ ಮೂಲವೂ ಆಗ್ನೇಯ ಏಷ್ಯಾವೇ ಎಂದು 2004ರಲ್ಲಿ ತೋರಿಸಲಾಯಿತು.

ಕಣಜದ ಮೂಲೆಯ ಬೀಜ

ಈಗ ಮಲಾವಿಗೆ ಮರಳೋಣ. 1992ರಲ್ಲಿ ಅಲ್ಲಿನ ಬ್ಲಾಂಟೈರ್‌ನ ರೋಗಾಣುಗಳಲ್ಲಿ ನೂರಕ್ಕೆ 85ರಲ್ಲಿ ಆ 76ನೆಯ ಸ್ಥಾನದ ಗುರುತು ಇತ್ತು. ಮರುವರ್ಷ ಕ್ಲೋರೋಕ್ವಿನ್ ಬಳಕೆ ನಿಂತಿತು. 2000ದ ಹೊತ್ತಿಗೆ ಆ ಗುರುತು ನೂರಕ್ಕೆ 13ಕ್ಕೆ ಇಳಿದಿತ್ತು. ಅನಂತರ ಅದು ಹೆಚ್ಚುಕಡಿಮೆ ಕಾಣದೇ ಹೋಯಿತು. 2005ರಲ್ಲಿ ಮಕ್ಕಳಿಗೆ ಆ ಗುಳಿಗೆ ಕೊಡಲು ವೈದ್ಯರಿಗೆ ಧೈರ್ಯ ಬಂದದ್ದು ಹೀಗೆ.

ಗುರುತು ಇಳಿದದ್ದು ಏಕೆ? ಬದಲಾದ ಬಾಗಿಲುಗಾರ ರೋಗಾಣುವಿಗೆ ಪುಕ್ಕಟೆಯಾಗಿ ಸಿಕ್ಕಿದ್ದಲ್ಲ. ಆ ಪ್ರೋಟೀನಿಗೆ ದಿನನಿತ್ಯದ ಕೆಲಸ ಬೇರೆ ಇದೆ. ಮದ್ದನ್ನು ಹೊರದಬ್ಬುವಂತೆ ಬದಲಾದಾಗ ಆ ಕೆಲಸ ಸ್ವಲ್ಪ ಕುಂಟುತ್ತದೆ. ಮಳೆಯಲ್ಲಿ ಕಂಬಳಿ ಹೊದ್ದವನೇ ಗೆಲ್ಲುತ್ತಾನೆ. ಮಳೆ ನಿಂತ ಮೇಲೆ ಓಟದ ಪಂದ್ಯ ಇಟ್ಟರೆ ಕಂಬಳಿಯೇ ಭಾರ. ಕ್ಲೋರೋಕ್ವಿನ್ ಎಂಬ ಮಳೆ ನಿಂತ ಮೇಲೆ ಮಲಾವಿಯಲ್ಲಿ ಕಂಬಳಿಯಿಲ್ಲದ ರೋಗಾಣುಗಳು ಮುಂದೆ ಓಡಿದವು.

ಆದರೆ ಕಂಬಳಿಯಿಲ್ಲದವು ಬಂದದ್ದು ಎಲ್ಲಿಂದ? ಎರಡು ಸಾಧ್ಯತೆಗಳಿದ್ದವು. ಬದಲಾದ ರೋಗಾಣುವೇ ಮತ್ತೆ ಬದಲಾಗಿ ಹಳೆಯ ರೂಪ ತಾಳಿರಬೇಕು. ಇಲ್ಲವೇ ಹಳೆಯ ರೂಪದವೇ ಎಲ್ಲೋ ಉಳಿದಿದ್ದು, ಕಾಲ ಕೂಡಿಬಂದಾಗ ಹೆಚ್ಚಿಕೊಂಡಿರಬೇಕು. ಇಲ್ಲೂ ಅದೇ ಮೇಷ್ಟರ ಉಪಾಯ ನೆರವಿಗೆ ಬಂತು. ರೋಗಾಣು ತಿರುಗಿ ಬದಲಾದದ್ದಾದರೆ ಜೀನ್‌ನ ಎಡಬಲದಲ್ಲಿ ಆಗ್ನೇಯ ಏಷ್ಯಾದ ಆ ಒಂದೇ ಕಾಗುಣಿತ ಉಳಿದಿರಬೇಕಿತ್ತು. ನೋಡಿದರೆ ಅಲ್ಲಿ ನಾನಾ ಬಗೆಯ ಕಾಗುಣಿತಗಳಿದ್ದವು. ಮರಳಿ ಬಂದವು ಒಂದು ಮನೆತನದವಲ್ಲ, ಹಲವು ಮನೆತನದವು. ಕ್ಲೋರೋಕ್ವಿನ್‌ನ ಹೊಡೆತದಲ್ಲೂ ಹೇಗೋ ಬದುಕುಳಿದಿದ್ದ ಹಳೆಯ ವಂಶಗಳು. 2010ರಲ್ಲಿ ಪ್ರಕಟವಾದ ಈ ಫಲಿತಾಂಶ ಮಲಾವಿಯ ಗುಟ್ಟನ್ನು ಬಿಚ್ಚಿಟ್ಟಿತು.

ರೈತರ ಮನೆಯವರಿಗೆ ಇದು ಹೊಸದೆನಿಸದು. ಹೊಲದಲ್ಲೆಲ್ಲ ಒಂದೇ ತಳಿ ತುಂಬಿಕೊಂಡರೂ, ಕಣಜದ ಮೂಲೆಯಲ್ಲಿ ಹಳೆಯ ತಳಿಯ ಒಂದು ಹಿಡಿ ಬೀಜ ಇದ್ದರೆ ಅದು ಮತ್ತೆ ಹೊಲ ತುಂಬಬಲ್ಲುದು. ಬೀಜವೇ ಇಲ್ಲವಾದರೆ?

ಆಗ್ನೇಯ ಏಷ್ಯಾದಲ್ಲಿ ಹೆಚ್ಚುಕಡಿಮೆ ಹಾಗೆಯೇ ಆಯಿತು. ಅಲ್ಲಿ ಫಾಲ್ಸಿಪಾರಂಗೆ ಕ್ಲೋರೋಕ್ವಿನ್ ಕೊಡುವುದನ್ನು ನಿಲ್ಲಿಸಿ ದಶಕಗಳೇ ಕಳೆದರೂ ಬಹುಪಾಲು ರೋಗಾಣುಗಳಲ್ಲಿ ಆ ಗುರುತು ಹಾಗೆಯೇ ಉಳಿದಿದೆ. ವೈವಾಕ್ಸ್ ಮಲೇರಿಯಾಕ್ಕೆ ಅದೇ ಗುಳಿಗೆಯನ್ನು ಕೊಡುತ್ತ ಬಂದದ್ದರಿಂದ ಜರಡಿ ನಿಲ್ಲಲಿಲ್ಲ ಎಂಬುದು ಒಂದು ಕಾರಣ. ಗುಳಿಗೆಗೆ ಬಗ್ಗುವ ಹಳೆಯ ವಂಶಗಳೇ ಬಹುಮಟ್ಟಿಗೆ ಅಳಿದುಹೋದದ್ದು ಇನ್ನೊಂದು.

ಆಫ್ರಿಕಾದಲ್ಲಿ ಬೀಜ ಉಳಿದದ್ದು ಹೇಗೆ? ಅಲ್ಲಿನ ಹಳ್ಳಿಗಳಲ್ಲಿ ಸೊಳ್ಳೆ ಕಡಿತ ವಿಪರೀತ. ಬದುಕುಳಿದು ದೊಡ್ಡವರಾದವರಲ್ಲಿ ಒಂದಿಷ್ಟು ರೋಗನಿರೋಧ ಬೆಳೆದಿರುತ್ತದೆ. ಅವರ ರಕ್ತದಲ್ಲಿ ರೋಗಾಣು ಇದ್ದರೂ ಜ್ವರ ಇರುವುದಿಲ್ಲ. ಜ್ವರವಿಲ್ಲದವರು ಗುಳಿಗೆ ನುಂಗುವುದಿಲ್ಲ. ಗುಳಿಗೆಗೆ ಬಗ್ಗುವ ರೋಗಾಣುವಿಗೆ ಅಂಥವರ ಮೈಯೇ ಆಶ್ರಯ. ಅಲ್ಲದೆ ಒಬ್ಬನ ರಕ್ತದಲ್ಲೇ ಹಲವು ತಳಿಗಳಿರುವುದರಿಂದ ಸೊಳ್ಳೆಯ ಹೊಟ್ಟೆಯಲ್ಲಿ ಎಲೆಗಳು ಸದಾ ಕಲಸಿಕೊಳ್ಳುತ್ತಿರುತ್ತವೆ.

ಪೈಲಿನ್ ಎಂಬ ಊರು

ಇದಕ್ಕೆ ತೀರಾ ವಿರುದ್ಧವಾದ ಜಾಗ ಕಾಂಬೋಡಿಯಾದ ಪಶ್ಚಿಮ ಗಡಿಯ ಪೈಲಿನ್. ರತ್ನದ ಕಲ್ಲುಗಳಿಗೆ ಹೆಸರಾದ ಊರು. ಗಣಿ ಕೆಲಸಕ್ಕೆ ದೂರದೂರದಿಂದ ಬರುವ ಜನರಿಗೆ ಮಲೇರಿಯಾದ ನಿರೋಧ ಇಲ್ಲ. ಸೋಂಕು ತಗಲಿದರೆ ಜ್ವರ, ಜ್ವರ ಬಂದರೆ ಗುಳಿಗೆ. ರೋಗಾಣುವಿಗೆ ಅಡಗಲು ಜಾಗವಿಲ್ಲ. ಸೋಂಕು ವಿರಳವಾದ್ದರಿಂದ ಸಾಮಾನ್ಯವಾಗಿ ಒಬ್ಬನ ರಕ್ತದಲ್ಲಿ ಒಂದೇ ತಳಿ. ಅದು ಸೊಳ್ಳೆಯ ಹೊಟ್ಟೆಯಲ್ಲಿ ತನ್ನ ಜತೆಗೇ ಕೂಡುತ್ತದೆ. ಹಾಗಾಗಿ ಮದ್ದನ್ನು ಎದುರಿಸುವ ನಾಲ್ಕಾರು ಬದಲಾವಣೆಗಳು ಒಮ್ಮೆ ಕೂಡಿಬಂದರೆ ಮತ್ತೆ ಬಿಡಿಯಾಗುವುದಿಲ್ಲ. ಮಲೇರಿಯಾ ಕಡಿಮೆ ಇರುವ ಕಡೆಯೇ ಔಷಧ ನಿರೋಧ ಮೊದಲು ತಲೆ ಎತ್ತಿದ್ದಕ್ಕೆ ವಿಜ್ಞಾನಿಗಳು ಕೊಡುವ ಕಾರಣಗಳಿವು.

ಇದರ ಮೇಲೆ ಮನುಷ್ಯ ಮಾಡಿದ ಎಡವಟ್ಟೂ ಸೇರಿಕೊಂಡಿತು. 1960ರ ದಶಕದ ಆರಂಭದಲ್ಲಿ ಪೈಲಿನ್ ಪ್ರದೇಶದಲ್ಲಿ ಅಡುಗೆಯ ಉಪ್ಪಿಗೇ ಮಲೇರಿಯಾ ಮದ್ದು ಬೆರೆಸಿ ಹಂಚಲಾಯಿತು. ಉದ್ದೇಶ ಒಳ್ಳೆಯದೇ. ಆದರೆ ಊಟದ ಜತೆ ಒಳಹೋಗುವ ಮದ್ದಿನ ಪ್ರಮಾಣ ಒಂದೇ ಸಮ ಇರುವುದಿಲ್ಲ. ಗಟ್ಟಿ ರೋಗಾಣುವನ್ನು ಕೊಲ್ಲಲು ಸಾಲದ, ಮೆತ್ತನೆಯದನ್ನು ಮಾತ್ರ ಕೊಲ್ಲುವ ಅರೆಪ್ರಮಾಣದ ಮದ್ದು ಹಗಲೂ ರಾತ್ರಿ ಜನರ ರಕ್ತದಲ್ಲಿ ಹರಿಯಿತು. ಜರಡಿ ಒಂದು ಗಳಿಗೆಯೂ ನಿಲ್ಲದಂತೆ ಆಡಿತು.

ಕ್ಲೋರೋಕ್ವಿನ್, ಎಸ್‌ಪಿ ಎರಡೂ ಸೋತ ಮೇಲೆ ಪ್ರಪಂಚದ ಕೈಹಿಡಿದದ್ದು ಚೀನಾದ ಆರ್ಟೆಮಿಸಿನಿನ್. 1967ರಲ್ಲಿ ಆರಂಭವಾದ 523 ಎಂಬ ಗುಪ್ತ ಯೋಜನೆಯಲ್ಲಿ ಟು ಯೂಯೂ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಹಳೆಯ ಚೀನೀ ವೈದ್ಯಗ್ರಂಥದ ಸುಳಿವು ಹಿಡಿದು, ಒಂದು ಗಿಡದಿಂದ ಈ ಮದ್ದನ್ನು ತೆಗೆದರು. 2015ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಹಿಂದಿನ ಅನುಭವದಿಂದ ಪಾಠ ಕಲಿತ ವಿಶ್ವ ಆರೋಗ್ಯ ಸಂಸ್ಥೆ, ಈ ಮದ್ದನ್ನು ಒಂಟಿ ಗುಳಿಗೆಯಾಗಿ ಮಾರುವುದನ್ನು ನಿಲ್ಲಿಸಬೇಕೆಂದು 2006ರಲ್ಲಿ ಕೇಳಿಕೊಂಡಿತು. ಜತೆಗೆ ಇನ್ನೊಂದು ಮದ್ದು ಇರಲೇಬೇಕು. ಒಂದು ಮದ್ದನ್ನು ಎದುರಿಸುವ ಬದಲಾವಣೆ ಅಪರೂಪ, ಎರಡನ್ನೂ ಒಟ್ಟಿಗೆ ಎದುರಿಸುವುದು ಅದಕ್ಕಿಂತ ಎಷ್ಟೋ ಪಟ್ಟು ಅಪರೂಪ ಎಂಬ ಲೆಕ್ಕಾಚಾರ.

ಆದರೂ 2008-09ರಲ್ಲಿ ಅದೇ ಪಶ್ಚಿಮ ಕಾಂಬೋಡಿಯಾದಿಂದ, ಅದೇ ಪೈಲಿನ್‌ನಿಂದ ಸುದ್ದಿ ಬಂತು. ಆರ್ಟೆಮಿಸಿನಿನ್ ಕೊಟ್ಟರೂ ರೋಗಾಣು ರಕ್ತದಿಂದ ತೊಲಗಲು ಹೆಚ್ಚು ದಿನ ಹಿಡಿಯುತ್ತಿದೆ. ಕೆ13 ಎಂಬ ಜೀನ್‌ನ ಬದಲಾವಣೆ ಇದಕ್ಕೆ ಕಾರಣವೆಂದು 2014ರಲ್ಲಿ ಗೊತ್ತಾಯಿತು. ಅಂಥ ಒಂದು ವಂಶ ಜತೆಗಾರ ಮದ್ದಾದ ಪಿಪೆರಾಕ್ವಿನ್ನನ್ನೂ ಎದುರಿಸುವ ಶಕ್ತಿ ಪಡೆದು, ಕಾಂಬೋಡಿಯಾದಿಂದ ಲಾವೋಸ್, ಥಾಯ್ಲೆಂಡ್, ವಿಯೆಟ್ನಾಂಗಳಿಗೆ ಹಬ್ಬಿತು. ಅದರ ದಾರಿಯಲ್ಲಿ ಬೇರೆ ವಂಶಗಳು ಮೂಲೆಗುಂಪಾದವು.

ಈ ವಂಶವೂ ಹಿಂದಿನವರ ಹಾಗೆ ಆಫ್ರಿಕಾಕ್ಕೆ ಪಯಣ ಬೆಳೆಸೀತೆಂದು ಎಲ್ಲರೂ ಆ ಕಡೆ ಕಾವಲು ಕಾಯುತ್ತಿದ್ದರು. ಆದದ್ದೇ ಬೇರೆ. 2020ರಲ್ಲಿ ರುವಾಂಡಾದಿಂದ, ಅನಂತರ ಉಗಾಂಡಾ, ಎರಿಟ್ರಿಯಾಗಳಿಂದ ಕೆ13 ಬದಲಾವಣೆಯ ವರದಿಗಳು ಬಂದವು. ಜೀನ್‌ನ ಎಡಬಲದ ಕಾಗುಣಿತ ನೋಡಿದರೆ ಅವು ಏಷ್ಯಾದಿಂದ ಬಂದ ಅತಿಥಿಗಳಲ್ಲ, ಆಫ್ರಿಕಾದಲ್ಲೇ ಹುಟ್ಟಿದವು. ಜತೆಗಾರ ಮದ್ದುಗಳು ಅಲ್ಲಿ ಇನ್ನೂ ಬಹುಮಟ್ಟಿಗೆ ಕೆಲಸ ಮಾಡುತ್ತಿರುವುದರಿಂದ ಚಿಕಿತ್ಸೆ ಪೂರ್ತಿ ಸೋತಿಲ್ಲ. ಆದರೆ 2023ರ ಒಂದೇ ವರ್ಷದಲ್ಲಿ ಪ್ರಪಂಚದಲ್ಲಿ ಮಲೇರಿಯಾದಿಂದ ಸತ್ತವರು ಸುಮಾರು 5 ಲಕ್ಷ 97 ಸಾವಿರ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ನೂರಕ್ಕೆ ಸುಮಾರು 95 ಮಂದಿ ಆಫ್ರಿಕಾದವರು. ಅವರಲ್ಲೂ ಮುಕ್ಕಾಲು ಪಾಲು ಐದು ವರ್ಷದೊಳಗಿನ ಮಕ್ಕಳು. ಅಲ್ಲಿ ಈ ಮದ್ದೂ ಸೋತರೆ ಏನಾದೀತೆಂಬುದಕ್ಕೆ ಸೆನೆಗಲ್‌ನ ಲೆಕ್ಕ ಕಣ್ಣಮುಂದಿದೆ.

ನಮ್ಮ ಮನೆಯ ಮಾತು

ನಮ್ಮ ದೇಶದಲ್ಲಿ ಫಾಲ್ಸಿಪಾರಂ ಮಲೇರಿಯಾಕ್ಕೆ ಆರ್ಟೆಮಿಸಿನಿನ್ ಬಗೆಯ ಮದ್ದನ್ನು ಎಸ್‌ಪಿ ಜತೆ ಸೇರಿಸಿ ಕೊಡುವ ಪದ್ಧತಿ ಬಂತು. ಈಶಾನ್ಯ ರಾಜ್ಯಗಳಲ್ಲಿ ಎಸ್‌ಪಿ ಸೋಲುತ್ತಿರುವುದು ಕಂಡಾಗ, 2013ರಲ್ಲಿ ಅಲ್ಲಿ ಮಾತ್ರ ಜತೆಗಾರನನ್ನು ಬದಲಿಸಿ ಲುಮೆಫ್ಯಾಂಟ್ರಿನ್ ಎಂಬ ಬೇರೊಂದು ಮದ್ದನ್ನು ತರಲಾಯಿತು. ವೈವಾಕ್ಸ್‌ಗೆ ಮೂರು ದಿನ ಕ್ಲೋರೋಕ್ವಿನ್, 14 ದಿನ ಪ್ರೈಮಾಕ್ವಿನ್. 1990ರ ದಶಕದಿಂದ ಕಟ್ಟಡಗಳ ಭರಾಟೆಯ ಜತೆಗೇ ಮಲೇರಿಯಾ ಕಂಡ ಮಂಗಳೂರಿನಲ್ಲಿ ಹೆಚ್ಚಾಗಿ ಕಾಡಿದ್ದು ಈ ವೈವಾಕ್ಸ್. ಈಚೆಗೆ ಅಲ್ಲಿ ರೋಗಿಗಳ ಸಂಖ್ಯೆ ಬಹಳ ಇಳಿದಿದೆ.

14 ದಿನ ಏಕೆ ಎಂದು ತಾಯಿತಂದೆಯರು ಕೇಳುವುದುಂಟು. ಮೂರನೆಯ ದಿನಕ್ಕೇ ಜ್ವರ ಬಿಟ್ಟು ಮಗು ಆಟಕ್ಕೆ ಓಡಿರುತ್ತದೆ. ಆದರೆ ವೈವಾಕ್ಸ್‌ನ ಕೆಲವು ರೂಪಗಳು ಯಕೃತ್ತಿನಲ್ಲಿ ನಿದ್ದೆ ಮಾಡುತ್ತಿರುತ್ತವೆ. ಅವನ್ನು ಕೊಲ್ಲದಿದ್ದರೆ ವಾರಗಳೋ ತಿಂಗಳುಗಳೋ ಕಳೆದ ಮೇಲೆ ಜ್ವರ ಮತ್ತೆ ಬರುತ್ತದೆ. ಪ್ರೈಮಾಕ್ವಿನ್ ಎಲ್ಲರಿಗೂ ಸಲ್ಲುವ ಮದ್ದಲ್ಲ. ಗರ್ಭಿಣಿಯರಿಗೆ, ಹಸುಗೂಸುಗಳಿಗೆ ಕೊಡುವಂತಿಲ್ಲ. ರಕ್ತದಲ್ಲಿ ಒಂದು ಬಗೆಯ ಕಿಣ್ವದ ಕೊರತೆಯಿರುವವರಿಗೂ ಅಪಾಯ. ಆದ್ದರಿಂದ ವೈದ್ಯರ ಮಾತಿನಂತೆಯೇ ನಡೆಯಬೇಕು.

ಚಳಿಜ್ವರ ಬಂದರೆ ಮೊದಲು ರಕ್ತಪರೀಕ್ಷೆ. ಯಾವ ಪ್ರಭೇದವೆಂದು ತಿಳಿದ ಮೇಲೆ ಮದ್ದು. ಕೊಟ್ಟಷ್ಟನ್ನೂ ಮುಗಿಸಬೇಕು. ಹೋದ ಸಲ ಉಳಿದ ನಾಲ್ಕು ಗುಳಿಗೆಯನ್ನು ಡಬ್ಬದಿಂದ ತೆಗೆದು ನುಂಗುವುದು, ಅಣ್ಣನಿಗೆ ಬರೆದುಕೊಟ್ಟದ್ದನ್ನು ತಂಗಿಗೆ ಅರ್ಧ ಮಾಡಿ ಕೊಡುವುದು, ಇವೆಲ್ಲ ಪೈಲಿನ್‌ನ ಉಪ್ಪಿನ ಕಥೆಯ ಚಿಕ್ಕ ರೂಪಗಳೇ. ಅರೆಪ್ರಮಾಣದ ಮದ್ದು ಮೆತ್ತನೆಯ ರೋಗಾಣುವನ್ನು ಕೊಂದು ಗಟ್ಟಿಯಾದದ್ದಕ್ಕೆ ಜಾಗ ಬಿಟ್ಟುಕೊಡುತ್ತದೆ.

ಮಲಾವಿಯಲ್ಲಿ ಆ ಪರೀಕ್ಷೆ ನಡೆಸಿದವರು ತಮ್ಮ ಫಲಿತಾಂಶದಿಂದ ಹಿಗ್ಗಿ ಕ್ಲೋರೋಕ್ವಿನನ್ನು ಮತ್ತೆ ಅಂಗಡಿ ಅಂಗಡಿಗೆ ಬಿಡಿ ಎನ್ನಲಿಲ್ಲ. ಅಕ್ಕಪಕ್ಕದ ದೇಶಗಳಲ್ಲಿ ಆಗಿನ್ನೂ ಹಟಮಾರಿ ರೋಗಾಣು ಇತ್ತು. ಒಂಟಿಯಾಗಿ ಬಳಸಿದರೆ ಜರಡಿ ಮತ್ತೆ ಆಡತೊಡಗುತ್ತದೆ, ಮತ್ತೆ ಬಳಸುವುದಾದರೆ ಜತೆಗೊಂದು ಮದ್ದು ಇರಲಿ ಎಂದು ಎಚ್ಚರಿಸಿದರು. ಮಲಾವಿ 2007ರಲ್ಲಿ ಆರಿಸಿಕೊಂಡದ್ದು ಆರ್ಟೆಮಿಸಿನಿನ್ ಸೇರಿದ ಜೋಡಿ ಗುಳಿಗೆಯನ್ನೇ.

ರೋಗಾಣುವಿನ ವೈವಿಧ್ಯವೇ ಮದ್ದುಗಳನ್ನು ಸೋಲಿಸಿತು. ಒಂದು ದೇಶದಲ್ಲಿ ಅದೇ ವೈವಿಧ್ಯ ಸೋತ ಮದ್ದಿಗೆ ಎರಡನೆಯ ಅವಕಾಶವನ್ನೂ ಕೊಟ್ಟಿತು. ಅಂಥ ಅವಕಾಶ ಎಲ್ಲ ಕಡೆಯೂ, ಎಲ್ಲ ಮದ್ದಿಗೂ ಸಿಗುವುದಿಲ್ಲ ಎಂಬುದಕ್ಕೆ ಆಗ್ನೇಯ ಏಷ್ಯಾ ಸಾಕ್ಷಿ. ಇಂದು ಕೈಯಲ್ಲಿರುವ ಗುಳಿಗೆ ನಾಳೆಯ ಮಕ್ಕಳಿಗೂ ಬೇಕಾದದ್ದು.